ಪೀಣ್ಯದಿಂದ ವಿಯೆಟ್ನಾಂಗೆ: ಫ್ಯಾಕ್ಟರಿಗೆ ಜಾಗ ಹುಡುಕಿದ 11 ದಿನ

ಬೆಳಗ್ಗೆ ಏಳಕ್ಕೆ ಇನ್ನೂ ಹತ್ತು ನಿಮಿಷ ಇದೆ. ನೀವು ಕೇಳುತ್ತಿರುವುದು ಮಳೆ ಸದ್ದಲ್ಲ, ಬೈಕ್‌ಗಳ ಸದ್ದು. ಒಂದೇ ಗೇಟು, ಅದರೊಳಗೆ ನದಿ ಹರಿದ ಹಾಗೆ ಬೈಕ್‌ಗಳು ಹೋಗುತ್ತಿವೆ. ಎಲ್ಲರ ಮುಖಕ್ಕೂ ಬಟ್ಟೆಯ ಮಾಸ್ಕ್. ಹ್ಯಾಂಡಲ್‌ಗೆ ಸಿಕ್ಕಿಸಿದ ಪ್ಲಾಸ್ಟಿಕ್ ಕವರ್‌ನಲ್ಲಿ ತಿಂಡಿ. ಗೇಟಿನ ಪಕ್ಕದಲ್ಲಿ ಒಬ್ಬಮ್ಮ ತಳ್ಳುಗಾಡಿಯಲ್ಲಿ ಬಿಸಿ ಬಿಸಿ ಅಂಟಕ್ಕಿ ಅನ್ನ ಕಟ್ಟಿಕೊಡುತ್ತಿದ್ದಾರೆ. ಕೈ ನೋಡಿ, ಎಷ್ಟು ಬೇಗ!

ಇದು ವಿಯೆಟ್ನಾಂನ ಬಿನ್ ಡುವಾಂಗ್. ಇಲ್ಲಿಯವರ ಬಾಯಲ್ಲಿ ಅದು ಬಿನ್ ಯುವಾಂಗ್ ಅನ್ನೋ ಥರ ಕೇಳಿಸುತ್ತದೆ. 2025ರ ಜುಲೈ 1ರ ತನಕ ಇದೇ ಒಂದು ಬೇರೆ ಪ್ರಾಂತ್ಯ. ಅವತ್ತು ದೇಶದ 63 ಪ್ರಾಂತ್ಯ, ನಗರಗಳನ್ನು ಸೇರಿಸಿ 34 ಮಾಡಿದರು. ಇದು ಹೋ ಚಿ ಮಿನ್ ಸಿಟಿಯ ಒಳಗೆ ಹೋಯಿತು. ಹಳೆ ಬ್ರೋಷರ್‌ನಲ್ಲಿ ಒಂದು ವಿಳಾಸ, ಹೊಸ ಬೋರ್ಡಿನಲ್ಲಿ ಇನ್ನೊಂದು. ಮೊದಲ ಎರಡು ದಿನ ನಾವು ಎಲ್ಲಿದ್ದೇವೆ ಅನ್ನೋದೇ ಗೊತ್ತಾಗಲಿಲ್ಲ.

ನಾವು ಅಂದರೆ ನಾನು ಮತ್ತು ನಮ್ಮ ಸೋದರಮಾವ. ಮಾವನಿಗೆ 58 ವರ್ಷ, ಇದು ಮೊದಲ ಫಾರಿನ್ ಟ್ರಿಪ್. ಸೂಟ್‌ಕೇಸಿನಲ್ಲಿ ಅರ್ಧ ಬಟ್ಟೆ, ಇನ್ನರ್ಧ ಅವಲಕ್ಕಿ ಮತ್ತು ಚಟ್ನಿಪುಡಿ. ಪೀಣ್ಯದಲ್ಲಿ ಅವರದ್ದೊಂದು ವರ್ಕ್‌ಶಾಪ್. ಮುಂದಿನ ಶೆಡ್ಡಿನಲ್ಲಿ ಸಿಎನ್‌ಸಿ ಮಷಿನ್‌ಗಳು, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕತ್ತರಿಸುವ ಮಷಿನ್‌ಗಳು, ಅಲ್ಯೂಮಿನಿಯಂ ಬಿಡಿಭಾಗ ಮಾಡುತ್ತೇವೆ. ಲೆಕ್ಕ, ಪತ್ರ, ಕಸ್ಟಮರ್ ಎಲ್ಲಾ ನನ್ನ ತಲೆಗೆ. ನಮ್ಮ ದೊಡ್ಡ ಕಸ್ಟಮರ್ ಒಬ್ಬರು ಅಸೆಂಬ್ಲಿಯನ್ನು ಇಲ್ಲಿಗೆ ತಂದರು. ಯುರೋಪಿಗೆ ಕಳಿಸುವ ಮಾಲು ಅವರದ್ದು, ಮತ್ತೆ 2020ರ ಆಗಸ್ಟ್‌ನಿಂದ ವಿಯೆಟ್ನಾಂಗೂ ಯುರೋಪಿಯನ್ ಯೂನಿಯನ್‌ಗೂ ವ್ಯಾಪಾರ ಒಪ್ಪಂದ ಇದೆ. "ನೀವೂ ಬನ್ನಿ, ಪಕ್ಕದಲ್ಲೇ ಮಾಡಿಕೊಡಿ" ಅಂದರು. ಹಾಗೆ ಹೊರಟದ್ದು.

ಈಗ ಹಿಂದಿನ ಶೆಡ್ ವಿಷಯ. ಪೀಣ್ಯಕ್ಕೆ ಯಾರಾದರೂ ಕಸ್ಟಮರ್ ಬಂದರೆ ನಾವು ಮುಂದಿನ ಶೆಡ್ ತೋರಿಸುತ್ತೇವೆ. ಹಿಂದಿನ ಶೆಡ್ಡಿನಲ್ಲಿ ಅನೋಡೈಸಿಂಗ್ ತೊಟ್ಟಿಗಳಿವೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಲ್ಯೂಮಿನಿಯಂ ತುಂಡನ್ನು ಸಲ್ಫ್ಯೂರಿಕ್ ಆಸಿಡ್ ನೀರಿನಲ್ಲಿ ಮುಳುಗಿಸಿ ಕರೆಂಟ್ ಕೊಟ್ಟರೆ ಅದರ ಮೈಮೇಲೆ ಒಂದು ಗಟ್ಟಿ ಪದರ ಬೆಳೆಯುತ್ತದೆ. ಆ ಪದರಕ್ಕೆ ಬಣ್ಣ ಹಿಡಿಸಿ, ಆಮೇಲೆ ಸೀಲ್ ಮಾಡುತ್ತಾರೆ, ಅಂದರೆ ಅದರ ಸಣ್ಣ ಸಣ್ಣ ರಂಧ್ರ ಮುಚ್ಚುತ್ತಾರೆ. ಲ್ಯಾಪ್‌ಟಾಪ್, ಕ್ಯಾಮೆರಾ ಮೇಲೆ ನೋಡುತ್ತೀರಲ್ಲ, ಆ ನಯವಾದ ಕಪ್ಪು, ಬೂದು ಬಣ್ಣ, ಅದೇ. ಪ್ರತಿ ಹಂತ ಆದ ಮೇಲೂ ತೊಳೆಯಬೇಕು. ಹಾಗಾಗಿ ನೀರು ಜಾಸ್ತಿ, ಆಸಿಡ್ ನೀರು ಜಾಸ್ತಿ, ಕೊನೆಗೆ ತಳದಲ್ಲಿ ಕೆಸರು.

ಬಾಡಿಗೆ ಮನೆ ನೋಡಲು ಹೋದಾಗ ನಮ್ಮಮ್ಮ ಹಾಲ್ ಕಡೆ ತಿರುಗಿಯೂ ನೋಡುವುದಿಲ್ಲ. ಸೀದಾ ಬಚ್ಚಲಿಗೆ ಹೋಗಿ ಒಂದು ಚೊಂಬು ನೀರು ಸುರಿಯುತ್ತಾರೆ. ನೀರು ಹೋಗುತ್ತದಾ, ನಿಲ್ಲುತ್ತದಾ ಅಂತ ನೋಡುತ್ತಾರೆ. ನಾವು ಅದನ್ನೇ ಮಾಡಬೇಕಿತ್ತು. ಮಾಡಲಿಲ್ಲ. ಮೂರು ದಿನ ಹಾಲ್ ನೋಡಿಕೊಂಡು ತಿರುಗಿದೆವು.

ಈ ಕ್ಲಿಪ್ ನೋಡಿ. ಒಂದು ಪಾರ್ಕಿನ, ಅಂದರೆ ಫ್ಯಾಕ್ಟರಿಗಳಿಗೇ ಮಾಡಿದ ಕೈಗಾರಿಕಾ ಪ್ರದೇಶದ ಸೇಲ್ಸ್ ಆಫೀಸ್. ಯಾವುದು ಅಂತ ಹೇಳುವುದಿಲ್ಲ. ಮಧ್ಯದಲ್ಲಿ ಗಾಜಿನ ಪೆಟ್ಟಿಗೆ, ಒಳಗೆ ಪುಟ್ಟ ರಸ್ತೆ, ಪುಟ್ಟ ಮರ, ಬಟನ್ ಒತ್ತಿದರೆ ಖಾಲಿ ಪ್ಲಾಟ್‌ಗಳಿಗೆ ಹಸಿರು ಲೈಟ್. ಐಸ್ ಕಾಫಿ ಬಂತು. ರಸ್ತೆ ಅಗಲ ಹೇಳಿದರು, ಬಂದರು ಎಷ್ಟು ದೂರ ಹೇಳಿದರು. ಒಂದು ಗಂಟೆ ಆದ ಮೇಲೆ ಮಾವ ಸುಮ್ನೆ ಮಾತಿಗೆ ಅನ್ನೋ ಹಾಗೆ, "ಹಿಂದೆ ಎರಡು ಅನೋಡೈಸಿಂಗ್ ಲೈನ್ ಹಾಕ್ತೀವಿ" ಅಂದರು. ದುಭಾಷಿ ಹುಡುಗಿ ಅದನ್ನು ಹೇಳಿದ ತಕ್ಷಣ ಆ ಮನುಷ್ಯ ಪೆನ್ನಿನ ಕ್ಯಾಪ್ ಹಾಕಿಬಿಟ್ಟರು. ಅಷ್ಟೇ. ಮಾತುಕತೆ ಮುಗಿಯಿತು.

ಯಾಕೆ ಅಂದರೆ, ಇಲ್ಲಿ ಪ್ರತಿ ಪಾರ್ಕಿಗೂ ಪರಿಸರ ಅನುಮತಿ ಇರುತ್ತದೆ. ಯಾವ ಯಾವ ಉದ್ಯಮ ಒಳಗೆ ಬರಬಹುದು ಅನ್ನೋ ಪಟ್ಟಿ ಅದರಲ್ಲೇ ಇರುತ್ತದೆ. ಪ್ಲೇಟಿಂಗ್ (ಲೋಹಕ್ಕೆ ಇನ್ನೊಂದು ಲೋಹದ ಲೇಪ ಕೊಡುವುದು), ಬಟ್ಟೆಗೆ ಬಣ್ಣ ಹಾಕುವುದು, ಚರ್ಮ ಹದ ಮಾಡುವುದು ಇವುಗಳನ್ನು ಬಹಳ ಪಾರ್ಕುಗಳು ಒಳಗೆ ಬಿಡುವುದಿಲ್ಲ. ನಮ್ಮ ಅನೋಡೈಸಿಂಗನ್ನೂ ಹೋದಲ್ಲೆಲ್ಲ ಪ್ಲೇಟಿಂಗ್ ಲೆಕ್ಕಕ್ಕೇ ಹಾಕಿದರು. ಪಾರ್ಕಿಗೆ ಒಂದು ಸಾಮೂಹಿಕ ನೀರು ಶುದ್ಧೀಕರಣ ಘಟಕ ಇರುತ್ತದೆ. ಅದು ತಡೆದುಕೊಳ್ಳುವಷ್ಟು ಕೊಳೆಯನ್ನು ಮಾತ್ರ ನಾವು ಬಿಡಬಹುದು, ಅದಕ್ಕಿಂತ ಹೆಚ್ಚಿದ್ದರೆ ಮೊದಲು ನಮ್ಮ ಶೆಡ್ಡಿನಲ್ಲೇ ಶುದ್ಧ ಮಾಡಿ ಆಮೇಲೆ ಪೈಪಿಗೆ ಬಿಡಬೇಕು. ಕೆಸರನ್ನು ಲೈಸೆನ್ಸ್ ಇರುವವರೇ ಬಂದು ಒಯ್ಯಬೇಕು. ನಿಯಮ ಸರಿಯಾಗಿಯೇ ಇದೆ. ಪೀಣ್ಯದ ಚರಂಡಿ ನೋಡಿದವರು ಯಾರೂ ತಪ್ಪು ಅನ್ನುವುದಿಲ್ಲ.

ಅವತ್ತಿನಿಂದ ನಮ್ಮ ಮೊದಲ ಪ್ರಶ್ನೆ ಬದಲಾಯಿತು. ಕಾಫಿ ಬರುವ ಮೊದಲೇ ಕೇಳಿಬಿಡುತ್ತಿದ್ದೆವು: "ಆಸಿಡ್ ತೊಟ್ಟಿ ಇಡಬಹುದಾ?"

ಈ ನಡುವೆ ಆ ದುಭಾಷಿ ಹುಡುಗಿ ಬಗ್ಗೆ ಒಂದು ಮಾತು. ಮೊದಲ ದಿನ ನನ್ನನ್ನು ಪ್ರತಿ ಸಲ "ಚೀ, ಚೀ" ಅಂತ ಕರೆಯುತ್ತಿದ್ದಳು. ನಾನೇನು ತಪ್ಪು ಮಾಡಿದೆ ಅಂತ ಒಳಗೊಳಗೇ ಬೇಜಾರಾಯಿತು. ಆಮೇಲೆ ಗೊತ್ತಾಯಿತು, ಹಾಗಂದರೆ ಅಕ್ಕ! ಇನ್ನು ಮಾವ ಒಂದು ಹೋಟೆಲ್‌ನಲ್ಲಿ "ಚಾಯ್, ಚಾಯ್" ಅಂತ ಕೈಯಲ್ಲಿ ಲೋಟ ಎತ್ತಿದ ಹಾಗೆ ಮಾಡಿ ತೋರಿಸಿದರು. ಅನ್ನ, ತೋಫು, ಸೊಪ್ಪು ಬಂತು. ಇಲ್ಲಿ ಚಾಯ್ ಅಂದರೆ ಸಸ್ಯಾಹಾರ. ಟೀ ಸಿಗಲಿಲ್ಲ, ಆದರೆ ಮುಂದಿನ ಎಂಟು ದಿನದ ಊಟದ ಚಿಂತೆ ಮುಗಿಯಿತು.

ನಾಲ್ಕನೇ ದಿನ ಉತ್ತರಕ್ಕೆ ಹಾರಿದೆವು. ಹೈ ಫಾಂಗ್. ಕಸ್ಟಮರ್ ಇರುವುದು ದಕ್ಷಿಣದಲ್ಲಿ, ನಿಜ. ಆದರೆ ಉತ್ತರದಲ್ಲಿ ಎಲೆಕ್ಟ್ರಾನಿಕ್ಸ್ ಕಂಪನಿಗಳು ಜಾಸ್ತಿ. ಬಾಕ್ ನಿನ್‌ಗೆ ಸ್ಯಾಮ್‌ಸಂಗ್ 2008ರಲ್ಲೇ ಬಂತು. ಅದರ ಹಿಂದೆ ಬಿಡಿಭಾಗ ಮಾಡುವವರು ಸಾಲಾಗಿ ಬಂದರು. ಹೈ ಫಾಂಗ್‌ನಲ್ಲಿ 2018ರಲ್ಲಿ ಶುರುವಾದ ಲಾಚ್ ಹುಯೆನ್ ಅನ್ನೋ ಆಳದ ಬಂದರು ಇದೆ. ಪೇಪರ್ ಮೇಲೆ ಎಲ್ಲಾ ಚೆನ್ನಾಗಿತ್ತು.

ಮಾವ ಕೇಳಿದ್ದು ಮಾತ್ರ ಕರೆಂಟ್ ಬಗ್ಗೆ. ಅವರಿಗೆ ಅದೊಂದು ಹಳೇ ಗಾಯ. ತುಂಡು ಆಸಿಡ್ ತೊಟ್ಟಿಯಲ್ಲಿರುವಾಗ ಮಧ್ಯದಲ್ಲಿ ಕರೆಂಟ್ ಹೋದರೆ ಪದರ ಅರ್ಧಕ್ಕೆ ನಿಲ್ಲುತ್ತದೆ. ಮತ್ತೆ ಶುರು ಮಾಡಿದರೆ ಬಣ್ಣ ಒಂದೇ ಥರ ಹಿಡಿಯುವುದಿಲ್ಲ. ತೊಟ್ಟಿಯನ್ನು ತಣ್ಣಗಿಡುವ ಚಿಲ್ಲರ್ ನಿಂತರೆ ತೊಟ್ಟಿಯೂ ಬಿಸಿಯಾಗುತ್ತದೆ. 2023ರ ಮೇ, ಜೂನ್‌ನಲ್ಲಿ ಉತ್ತರ ವಿಯೆಟ್ನಾಂನಲ್ಲಿ ವಿಪರೀತ ಸೆಕೆ, ಜಲಾಶಯ ಒಣಗಿ ಜಲವಿದ್ಯುತ್ ಕಡಿಮೆಯಾಯಿತು, ಬಾಕ್ ನಿನ್, ಬಾಕ್ ಜಿಯಾಂಗ್ ಕಡೆಯ ಪಾರ್ಕುಗಳಿಗೇ ಪವರ್ ಕಟ್. ಆಮೇಲೆ ಮಧ್ಯ ವಿಯೆಟ್ನಾಂನಿಂದ ಉತ್ತರಕ್ಕೆ 500 ಕೆವಿಯ ಹೊಸ ಲೈನ್ ಎಳೆದು 2024ರ ಆಗಸ್ಟ್‌ನಲ್ಲಿ ಮುಗಿಸಿದರು. "ಈಗ ಪ್ರಾಬ್ಲಂ ಇಲ್ಲ" ಅಂದರು ಪಾರ್ಕಿನವರು. ಮಾವ ತಲೆಯಾಡಿಸಿದರು. ಆ ತಲೆಯಾಡಿಸುವಿಕೆ ನನಗೆ ಗೊತ್ತು, ಅದು ಒಪ್ಪಿಗೆ ಅಲ್ಲ.

ಜೊತೆಗೆ ಯಾಗಿ ಚಂಡಮಾರುತ. 2024ರ ಸೆಪ್ಟೆಂಬರ್ 7ಕ್ಕೆ ಈ ಕರಾವಳಿಗೇ ಬಡಿದದ್ದು. ಆಫೀಸಿನ ಹುಡುಗನೊಬ್ಬ ಫೋನ್‌ನಲ್ಲಿ ಫೋಟೋ ತೋರಿಸಿದ: ಶೆಡ್ಡಿನ ಛಾವಣಿ ಶೀಟ್ ಕಾಗದದ ಥರ ಮಡಚಿಕೊಂಡು ಪಕ್ಕದ ರಸ್ತೆಯಲ್ಲಿ ಬಿದ್ದಿತ್ತು. ಮಾವ ಫೋಟೋ ದೊಡ್ಡದು ಮಾಡಿ ನೋಡಿದ್ದು ಛಾವಣಿ ಅಲ್ಲ, ಬೋಲ್ಟ್.

ವಾಪಸ್ ದಕ್ಷಿಣ. ಇಲ್ಲಿ ಪಾರ್ಕಿನ ಜಾಗವನ್ನು ನಮ್ಮಂಥವರು ಕೊಂಡುಕೊಳ್ಳಲು ಆಗುವುದಿಲ್ಲ, ಲೀಸ್ ಮಾತ್ರ. "50 ವರ್ಷ" ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಒಂದು ಕಡೆ ಮಾವ ಕೇಳಿದರು, "ಯಾವತ್ತಿಂದ 50?" ಆ 50 ಶುರುವಾದದ್ದು ಪಾರ್ಕ್ ಹುಟ್ಟಿದ ದಿನದಿಂದ, ನಾವು ಸಹಿ ಹಾಕುವ ದಿನದಿಂದ ಅಲ್ಲ. ಆ ಪಾರ್ಕಿನಲ್ಲಿ ಉಳಿದಿದ್ದದ್ದು 28 ವರ್ಷ. ದುಡ್ಡು ಮಾತ್ರ ಪೂರ್ತಿ ಮುಂಗಡ. ಜಮೀನು ಲೀಸ್ ಮಾಡುವ ಆಸೆ ಅಲ್ಲೇ ಬಿಟ್ಟೆವು, ಕಟ್ಟಿ ರೆಡಿ ಇರುವ ಶೆಡ್ ಬಾಡಿಗೆಗೆ ಸಾಕು ಅಂದುಕೊಂಡೆವು. ನಮಗೆ ಹೇಳಿದ ರೇಟ್ ತಿಂಗಳಿಗೆ ಚದರ ಮೀಟರ್‌ಗೆ 4.5ರಿಂದ 5.5 ಡಾಲರ್. ಅದರ ಮೇಲೆ ಪಾರ್ಕ್ ನಿರ್ವಹಣೆ ಫೀಸ್ ಬೇರೆ.

ಹೋ ಚಿ ಮಿನ್ ಸಿಟಿಯ ಪಕ್ಕದ ಲಾಂಗ್ ಆನ್ ಕಡೆ ಬಾಡಿಗೆ ಸ್ವಲ್ಪ ಕಡಿಮೆ ಹೇಳಿದರು. ಆದರೆ ಅದು ಮೆಕಾಂಗ್ ನದಿಯ ಮೆತ್ತನೆ ಮಣ್ಣು. ಭಾರದ ಮಷಿನ್ ಇಡಬೇಕಾದರೆ ಕೆಳಗೆ ಪೈಲಿಂಗ್, ಅಂದರೆ ನೆಲದೊಳಗೆ ಆಳಕ್ಕೆ ಇಳಿಸಿದ ಕಂಬಗಳು ಹೇಗಿವೆ ನೋಡಬೇಕು. ಬಿನ್ ಡುವಾಂಗ್ ನೆಲ ಎತ್ತರ, ಗಟ್ಟಿ. ಮೈಕ್ರಾನ್ ಲೆಕ್ಕದಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಕೆಲಸ ಮಾಡುವವರಿಗೆ ಇಷ್ಟು ಸಾಕು.

ಈಗ ಸಂಬಳ. ದೇಶವನ್ನು ನಾಲ್ಕು ವಲಯ ಮಾಡಿದ್ದಾರೆ. ನಮ್ಮ ಲೆಕ್ಕದ ಹಾಳೆಯಲ್ಲಿದ್ದದ್ದು 2024ರ ಜುಲೈನಿಂದ 2025ರ ಕೊನೆಯ ತನಕ ಇದ್ದ ದರ: ಒಂದನೇ ವಲಯಕ್ಕೆ ತಿಂಗಳ ಕನಿಷ್ಠ ಸಂಬಳ 49.6 ಲಕ್ಷ ಡಾಂಗ್, ನಾಲ್ಕನೇದಕ್ಕೆ 34.5 ಲಕ್ಷ. ಹೆದರಬೇಡಿ, ಆಗ ಒಂದು ರೂಪಾಯಿಗೆ ಸುಮಾರು 300 ಡಾಂಗ್. ಅಂದರೆ ಹದಿನಾರೂವರೆ ಸಾವಿರ ರೂಪಾಯಿ ಮತ್ತು ಹನ್ನೊಂದೂವರೆ ಸಾವಿರ. ಇದರ ಮೇಲೆ ಕಂಪನಿ ಶೇ 21.5 ವಿಮೆ ಕಟ್ಟಬೇಕು, ಯೂನಿಯನ್ ನಿಧಿಗೆ ಶೇ 2. ಕಡಿಮೆ ವಲಯಕ್ಕೆ ಹೋದರೆ ಉಳಿತಾಯ ಅಲ್ವಾ ಅಂತ ನಾನೂ ಎಕ್ಸೆಲ್‌ನಲ್ಲಿ ಹಾಕಿ ಖುಷಿಪಟ್ಟೆ. ಕಡಿಮೆ ವಲಯ ಅಂದರೆ ಊರಿಂದ ದೂರ, ಮತ್ತೆ ಅಲ್ಲಿ ಮಷಿನ್ ಹೊಂದಿಸಿಕೊಡುವ ಸಿಎನ್‌ಸಿ ಸೆಟ್ಟರ್ ಸಿಗಬೇಕಲ್ಲ.

ಅದಕ್ಕೇ ನಾವು ಬೆಳಗ್ಗೆ ಗೇಟ್ ಹತ್ತಿರ ನಿಂತದ್ದು. ಈ ಶಾಟ್‌ನಲ್ಲಿ ಗೋಡೆ ಪಕ್ಕದ ಬ್ಯಾನರ್‌ಗಳನ್ನು ನೋಡಿ. ಹುಡುಗಿ ಓದಿ ಹೇಳಿದಳು, "ಜನ ಬೇಕಾಗಿದ್ದಾರೆ, ತುರ್ತಾಗಿ." ಒಂದು ಗೇಟಿನಲ್ಲಿ ನಾನು ಎಣಿಸಿದ್ದು 14. ಇನ್ನೊಂದು ಕಡೆ 3. ಎರಡೂ ಪಾರ್ಕಿನ ಸೇಲ್ಸ್ ಆಫೀಸಿನವರು "ಕೆಲಸಗಾರರಿಗೆ ಕೊರತೆಯೇ ಇಲ್ಲ" ಅಂದಿದ್ದರು. ಇಲ್ಲಿ ಕೆಲಸ ಮಾಡುವವರಲ್ಲಿ ಬಹಳ ಜನ ಬೇರೆ ಪ್ರಾಂತ್ಯದವರು. ತೆತ್ ಹಬ್ಬಕ್ಕೆ, ಅಂದರೆ ಅವರ ಹೊಸ ವರ್ಷಕ್ಕೆ ಊರಿಗೆ ಹೋದವರಲ್ಲಿ ಕೆಲವರು ವಾಪಸ್ ಬರುವುದೇ ಇಲ್ಲ. ನಮ್ಮಲ್ಲಿ ದೀಪಾವಳಿ ಆದ ಮೇಲೆ ಪೀಣ್ಯ ಹೇಗಿರುತ್ತದೆ, ಹಾಗೆ.

ಕೊನೆಗೆ ಆಸಿಡ್ ತೊಟ್ಟಿಗೆ ಹೂಂ ಅಂದದ್ದು ಒಂದೇ ಒಂದು ಪಾರ್ಕ್. ಕಸ್ಟಮರ್‌ನಿಂದ ಎರಡು ಗಂಟೆ ದಾರಿ. ನಮ್ಮದೇ ಶುದ್ಧೀಕರಣ ಘಟಕ ಕಟ್ಟಬೇಕು. ಅದರ ಅಂದಾಜು ವೆಚ್ಚ ನೋಡಿದರೆ ಎರಡು ಹೊಸ ಮಷಿನ್ ಬರುತ್ತಿತ್ತು. ಆ ರಾತ್ರಿ ಹೋಟೆಲ್ ರೂಮಿನಲ್ಲಿ ಮಾವ ಅವಲಕ್ಕಿ ಕಲಸುತ್ತಾ ಮಾತೇ ಆಡಲಿಲ್ಲ. ಆಮೇಲೆ, "ನೋಡಮ್ಮ, ನಾನು ಪೀಣ್ಯದಲ್ಲಿ ಶುರು ಮಾಡಿದಾಗ ನನ್ನ ಹತ್ರ ತೊಟ್ಟಿ ಇತ್ತಾ? ಹೊರಗಿನವರಿಗೆ ಜಾಬ್ ವರ್ಕ್ ಕೊಟ್ಟು ಮಾಡಿಸ್ತಿದ್ದೆ" ಅಂದರು.

ಹನ್ನೊಂದು ದಿನದ ಉತ್ತರ ಇಷ್ಟೇ. ಮರುದಿನ ನಾವು ಹುಡುಕಿದ್ದು ಶೆಡ್ ಅಲ್ಲ, ಅನುಮತಿ ಇರುವ ಅನೋಡೈಸಿಂಗ್ ಅಂಗಡಿ. ಸಿಕ್ಕಿತು. ಅದರಿಂದ 12 ಕಿಲೋಮೀಟರ್‌ನಲ್ಲಿ, ಮೂರೇ ಬ್ಯಾನರ್ ಇದ್ದ ಆ ಗೇಟಿನ ಒಳಗೆ, ಸಿಎನ್‌ಸಿಗೆ ಮಾತ್ರ ಒಂದು ಸಣ್ಣ ಶೆಡ್ ನೋಡಿದ್ದೇವೆ. ಬಾಡಿಗೆ ನಾವು ನೋಡಿದ್ದರಲ್ಲಿ ಕಡಿಮೆಯದ್ದಲ್ಲ. ಒಪ್ಪಂದಕ್ಕೆ ಇನ್ನೂ ಸಹಿ ಆಗಿಲ್ಲ. ಇಲ್ಲಿ ಹೂಡಿಕೆ ನೋಂದಣಿ ಪತ್ರದಲ್ಲಿ ಜಾಗದ ವಿಳಾಸವೇ ಇರಬೇಕು, ಆದ್ದರಿಂದ ಜಾಗ ಮೊದಲು ಗೊತ್ತಾಗಬೇಕು. ನಾವು ಹೋದಾಗಿನ ನಿಯಮದಲ್ಲಿ ಆ ಪತ್ರ ಬಂದ ಮೇಲೆ ಕಂಪನಿ ನೋಂದಣಿ. ಪೀಣ್ಯದವರು ಯಾರಾದರೂ ನೋಡುತ್ತಿದ್ದರೆ, ಲೀಸ್ ಕಾಗದದಲ್ಲಿ ಒಂದು ಸಾಲು ಕೇಳಿ ಬರೆಸಿಕೊಳ್ಳಿ: ಅನುಮತಿ ಸಿಗದಿದ್ದರೆ ಡಿಪಾಸಿಟ್ ವಾಪಸ್.

ಇದು ಕೊನೆಯ ಕ್ಲಿಪ್, ಪೀಣ್ಯದ್ದು. ಆ ಅಂಗಡಿಯವರು ಮಾಡಿಕೊಟ್ಟ ಐದು ಸ್ಯಾಂಪಲ್ ಟೇಬಲ್ ಮೇಲಿವೆ, ಬೂದು ಬಣ್ಣದ್ದು. ಮಾವ ಪ್ರತಿಯೊಂದರ ಮೇಲೂ ಕಪ್ಪು ಮಾರ್ಕರ್‌ನಲ್ಲಿ ಒಂದು ಚುಕ್ಕೆ ಇಟ್ಟು, ಸ್ವಲ್ಪ ಹೊತ್ತು ಬಿಟ್ಟು, ಒದ್ದೆ ಬಟ್ಟೆಯಲ್ಲಿ ಉಜ್ಜುತ್ತಿದ್ದಾರೆ. ಸೀಲಿಂಗ್ ಸರಿಯಾಗಿದ್ದರೆ ಚುಕ್ಕೆ ಹೋಗಬೇಕು. ಒಂದು ಹೋಯಿತು. ಎರಡು, ಮೂರು, ನಾಲ್ಕು, ಎಲ್ಲಾ ಹೋಯಿತು. ಐದನೇದು ಹೋಗಲಿಲ್ಲ.

"ಆ ಹುಡುಗಿಗೆ ಫೋನ್ ಹಾಕು" ಅಂದರು ಮಾವ. ಹಾಕಿದೆ. ಎತ್ತಿದ ತಕ್ಷಣ ಅವಳು ಅಂದಳು, "ಚೀ!"