ನಾರಾ ನಗರದ ಲಿಖಿತ ಇತಿಹಾಸ ಎಷ್ಟು ನಿಖರ? ನೆಲದಡಿಯ ಸಾಕ್ಷಿಗಳೊಂದಿಗೆ ಒಂದು ಪರಿಶೀಲನೆ

[ದೃಶ್ಯ: ಗುಡ್ಡದ ಇಳಿಜಾರಿನಲ್ಲಿ ಚಹಾ ತೋಟ. ನಂತರ ತಾಮ್ರಪಟದ ಸಮೀಪ ಚಿತ್ರ.]

ನಿರೂಪಣೆ: ನಮಸ್ಕಾರ. 1979ರ ಜನವರಿಯಲ್ಲಿ, ಜಪಾನಿನ ನಾರಾ ನಗರದ ಪೂರ್ವಕ್ಕಿರುವ ಗುಡ್ಡಗಾಡಿನ ಕೊನೊಸೆ ಎಂಬಲ್ಲಿ, ಚಹಾ ತೋಟವನ್ನು ಅಗೆಯುತ್ತಿದ್ದ ರೈತರೊಬ್ಬರಿಗೆ ಇದ್ದಿಲು ತುಂಬಿದ ಒಂದು ಹಳೆಯ ಸಮಾಧಿ ಸಿಕ್ಕಿತು. ಅದರೊಳಗೆ ಸುಟ್ಟ ಮೂಳೆಗಳ ಜೊತೆಗೆ, 29.1 ಸೆಂಟಿಮೀಟರ್ ಉದ್ದದ, 6.1 ಸೆಂಟಿಮೀಟರ್ ಅಗಲದ ತೆಳುವಾದ ಒಂದು ತಾಮ್ರಪಟವಿತ್ತು. ಅದರ ಮೇಲೆ ಕೊರೆದಿದ್ದುದು ಕೇವಲ 41 ಅಕ್ಷರಗಳು. ಸತ್ತವನ ಮನೆ ರಾಜಧಾನಿಯ ಎಡಭಾಗದಲ್ಲಿ, ನಾಲ್ಕನೆಯ ಅಡ್ಡಸಾಲಿನ ನಾಲ್ಕನೆಯ ವಿಭಾಗದಲ್ಲಿ ಇತ್ತು. ಅವನ ಪದವಿ ಇಂಥದ್ದು. ಹೆಸರು ಓ ನೋ ಯಾಸುಮಾರೊ. ಅವನು ತೀರಿಕೊಂಡದ್ದು ಇಂದಿನ ಲೆಕ್ಕದ 723ನೆಯ ವರ್ಷದ ಏಳನೆಯ ತಿಂಗಳ ಆರನೆಯ ದಿನ. ಇಷ್ಟು ಬರೆದ ಮೇಲೆ, ಪಟದ ಕೊನೆಯಲ್ಲಿ ಅದೇ ವರ್ಷದ ಹನ್ನೆರಡನೆಯ ತಿಂಗಳ ಹದಿನೈದನೆಯ ದಿನದ ತಾರೀಖನ್ನು ಕೊರೆಯಲಾಗಿದೆ.

ಯಾಸುಮಾರೊ ಸಾಮಾನ್ಯ ಅಧಿಕಾರಿಯಲ್ಲ. ಇಂದು ಉಳಿದಿರುವ ಜಪಾನಿನ ಅತ್ಯಂತ ಹಳೆಯ ಗ್ರಂಥವಾದ 'ಕೊಜಿಕಿ'ಯನ್ನು 712ರಲ್ಲಿ ಬರೆದು ರಾಣಿಗೆ ಒಪ್ಪಿಸಿದವನು ತಾನೇ ಎಂದು ಆ ಗ್ರಂಥದ ಮುನ್ನುಡಿಯಲ್ಲಿ ಅವನು ಹೇಳಿಕೊಂಡಿದ್ದಾನೆ. ಆ ಮುನ್ನುಡಿಯನ್ನು ಯಾರೋ ನಂತರದ ಕಾಲದಲ್ಲಿ ಕಟ್ಟಿ ಸೇರಿಸಿರಬೇಕು ಎಂದು ವಾದಿಸಿದ ವಿದ್ವಾಂಸರೂ ಇದ್ದರು. ತಾಮ್ರಪಟವು ಆ ವ್ಯಕ್ತಿ ನಿಜವಾಗಿಯೂ ಇದ್ದನೆಂಬುದನ್ನು, ಅವನ ಪದವಿಯನ್ನು ಮತ್ತು ಅವನ ಕಾಲವನ್ನು ಖಚಿತಪಡಿಸಿತು. ಆದರೆ ಮುನ್ನುಡಿಯನ್ನು ಬರೆದವನು ಅವನೇ ಎಂಬುದನ್ನು ಈ ಪಟ ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ಕೊಜಿಕಿಯ ಪ್ರಸ್ತಾಪವೇ ಇಲ್ಲ. ಈ ವ್ಯತ್ಯಾಸವನ್ನು ವೀಕ್ಷಕರು ಗಮನದಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಒಂದು ಸಾಕ್ಷಿ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದನ್ನು ಬೇರ್ಪಡಿಸದೆ ಹೋದರೆ ಪರಿಶೀಲನೆಯ ಮಾತೇ ಬರುವುದಿಲ್ಲ.

ಇನ್ನೊಂದು ಸಂಗತಿಯಿದೆ. ಅಂದಿನ ಅಧಿಕೃತ ಇತಿಹಾಸವಾದ 'ಷೋಕು ನಿಹೊಂಗಿ'ಯಲ್ಲಿ ಯಾಸುಮಾರೊ ತೀರಿಕೊಂಡದ್ದು ಏಳನೆಯ ತಿಂಗಳ ಏಳನೆಯ ದಿನ ಎಂದಿದೆ. ಪಟಕ್ಕೂ ಪುಸ್ತಕಕ್ಕೂ ಒಂದು ದಿನದ ಅಂತರ. ಪಟವನ್ನು ಕೊರೆದದ್ದು ಅವನು ಸತ್ತ ವರ್ಷವೇ. ಪುಸ್ತಕ ಪೂರ್ಣಗೊಂಡದ್ದು ಅದಾದ 74 ವರ್ಷಗಳ ಮೇಲೆ. ಸಾವಿನ ಸುದ್ದಿ ಆಸ್ಥಾನಕ್ಕೆ ತಲುಪಿದ ದಿನವೇ ಕಡತದಲ್ಲಿ ದಾಖಲಾಗಿ, ಮುಂದೆ ಅದೇ ಪುಸ್ತಕಕ್ಕೆ ಇಳಿದಿರಬಹುದು ಎಂಬ ವಿವರಣೆ ನನಗೆ ಒಪ್ಪುವಂತೆ ಕಾಣುತ್ತದೆ. ಒಂದು ದಿನದ ತಪ್ಪಿಗಾಗಿ ಪುಸ್ತಕವನ್ನೇ ತಳ್ಳಿಹಾಕುವುದು ಎಷ್ಟು ಅವಸರದ ಮಾತೋ, ಉಳಿದದ್ದೆಲ್ಲ ಸರಿಯಿದೆ ಎಂದು ಸುಮ್ಮನಾಗುವುದೂ ಅಷ್ಟೇ ಅವಸರದ ಮಾತು.

[ದೃಶ್ಯ: ಹೇಜೋಕ್ಯೋ ರಾಜಧಾನಿಯ ನಕ್ಷೆ. ಕೆಳಗೆ 710ರಿಂದ 784ರವರೆಗಿನ ಕಾಲಪಟ್ಟಿ.]

ನಿರೂಪಣೆ: ನಾರಾ ಇರುವ ಜಾಗದಲ್ಲಿ 710ರಿಂದ 784ರವರೆಗೆ, ನಡುವಿನ ಕೆಲವು ವರ್ಷಗಳನ್ನು ಬಿಟ್ಟರೆ, ಹೇಜೋಕ್ಯೋ ಎಂಬ ರಾಜಧಾನಿ ಇತ್ತು. ಆ ಕಾಲದ ಮುಖ್ಯ ಲಿಖಿತ ಆಧಾರ ಷೋಕು ನಿಹೊಂಗಿ. 40 ಸಂಪುಟಗಳ ಈ ಗ್ರಂಥ 697ರಿಂದ 791ರವರೆಗಿನ ಘಟನೆಗಳನ್ನು ದಿನಾಂಕದೊಂದಿಗೆ ಹೇಳುತ್ತದೆ. ಅದು ಮುಗಿದದ್ದು 797ರಲ್ಲಿ, ಅಂದರೆ ರಾಜಧಾನಿ ನಾರಾವನ್ನು ತೊರೆದು ಇಂದಿನ ಕ್ಯೋಟೋಗೆ ಹೋದ ಮೇಲೆ. ಬರೆಸಿದ್ದು ಅರಸೊತ್ತಿಗೆ, ಬರೆದವರು ಅಧಿಕಾರಿಗಳು. ಹೀಗಾಗಿ ಅದರಲ್ಲಿ ಕೈವಾಡ ನಡೆದಿರುವುದು ಬರಿಯ ಅನುಮಾನವಾಗಿ ಉಳಿದಿಲ್ಲ, ಅದಕ್ಕೆ ಪುರಾವೆಯೇ ಇದೆ. 785ರಲ್ಲಿ ಫುಜಿವಾರಾ ನೋ ತಾನೆತ್ಸುಗು ಎಂಬ ಮಂತ್ರಿಯ ಕೊಲೆಯಾಯಿತು. ಆ ಸಂಚಿನ ಆರೋಪ ಚಕ್ರವರ್ತಿ ಕಾನ್ಮುವಿನ ಸ್ವಂತ ತಮ್ಮ, ಯುವರಾಜ ಸವಾರಾನ ಮೇಲೆ ಬಂತು. ಅವನು ಗಡೀಪಾರಿನ ದಾರಿಯಲ್ಲಿ ಅನ್ನ ನೀರು ಬಿಟ್ಟು ಸತ್ತ. ಮುಂದೆ ತಮ್ಮನ ಪ್ರೇತಕ್ಕೆ ಹೆದರಿದ ಕಾನ್ಮು ಆ ಭಾಗವನ್ನು ಇತಿಹಾಸದಿಂದ ತೆಗೆಸಿದ. ಅವನ ಮಗ ಹೇಜೇಯಿಯ ಕಾಲದಲ್ಲಿ ಅದನ್ನು ಮತ್ತೆ ಸೇರಿಸಲಾಯಿತು. ಇನ್ನೊಬ್ಬ ಮಗ ಸಾಗಾ ಪುನಃ ತೆಗೆಸಿದ. ಇಂದು ನಮಗೆ ಆ ವಿವರ ದೊರೆಯುವುದು ನಂತರದ ಬೇರೊಂದು ಗ್ರಂಥದಲ್ಲಿ ಅದರ ಸಾರಾಂಶ ಉಳಿದುಕೊಂಡಿದ್ದರಿಂದ.

ಇಂಥ ಪುಸ್ತಕವನ್ನು ಪರೀಕ್ಷಿಸುವುದಕ್ಕೆ, ಮುಂದಿನ ತಲೆಮಾರು ಓದಲೆಂದು ಬರೆಯದ ಬರಹಗಳು ಬೇಕು. ನಾರಾದ ಭಾಗ್ಯವೆಂದರೆ ಅವು ಅಲ್ಲಿ ಹೇರಳವಾಗಿ ಸಿಕ್ಕಿವೆ.

[ದೃಶ್ಯ: ನೀರಿನ ತಟ್ಟೆಯಲ್ಲಿ ಇಟ್ಟಿರುವ ಮರದ ಚೀಟಿಗಳು.]

ನಿರೂಪಣೆ: 1961ರ ಜನವರಿಯಲ್ಲಿ ಅರಮನೆಯ ನೆಲೆಯನ್ನು ಅಗೆಯುವಾಗ, ಕಸ ಹಾಕುತ್ತಿದ್ದ ಒಂದು ಗುಂಡಿಯಿಂದ ಶಾಯಿಯಲ್ಲಿ ಬರೆದ ಸುಮಾರು 40 ಮರದ ಪಟ್ಟಿಗಳು ಹೊರಬಂದವು. ಇವುಗಳಿಗೆ ಮೊಕ್ಕನ್ ಎಂದು ಹೆಸರು. ಅವುಗಳಲ್ಲಿ ಒಂದು, ದೇವಾಲಯದಿಂದ ಬಂದ ಬೇಡಿಕೆ ಚೀಟಿ: ಸಣ್ಣ ಕೆಂಪು ಕಾಳು ಇಷ್ಟು, ಹುದುಗಿಸಿದ ಸೋಯಾ ಇಷ್ಟು, ಜೊತೆಗೆ ವಿನೆಗರ್. ಅಡುಗೆಮನೆಯ ಸಾಮಾನಿನ ಈ ಚೀಟಿಯನ್ನು ಬರೆದವನಿಗೆ ಇತಿಹಾಸವನ್ನು ತಿದ್ದುವ ಯಾವ ಕಾರಣವೂ ಇರಲಿಲ್ಲ. ಅದರ ಬೆಲೆ ಇರುವುದೇ ಅಲ್ಲಿ. ಕಾಗದ ದುಬಾರಿಯಾಗಿದ್ದ ಕಾಲದಲ್ಲಿ ಗುಮಾಸ್ತರು ಮರದ ಮೇಲೆ ಬರೆದು, ಕೆಲಸ ಮುಗಿದ ಮೇಲೆ ಮೇಲ್ಪದರವನ್ನು ಚಾಕುವಿನಿಂದ ಹೆರೆದು, ಅದೇ ಪಟ್ಟಿಯನ್ನು ಮತ್ತೆ ಬಳಸುತ್ತಿದ್ದರು. ಹಾಗೆ ಹೆರೆದು ಬಿಸಾಡಿದ ತೆಳುಹೊಟ್ಟುಗಳೇ ಇಂದು ಸಿಗುವ ಮೊಕ್ಕನ್‌ಗಳಲ್ಲಿ ಬಹುಪಾಲು. ಒದ್ದೆ ಮಣ್ಣಿನಲ್ಲಿ ಗಾಳಿಯಾಡದೆ ಇದ್ದುದರಿಂದ ಅವು ಕೊಳೆಯಲಿಲ್ಲ. ಹೊರತೆಗೆದ ಮೇಲೂ ಒಣಗಲು ಬಿಡದೆ ನೀರಿನಲ್ಲಿಯೇ ಇಡಬೇಕಾಗುತ್ತದೆ. ಅರಮನೆಯ ನೆಲೆಯಲ್ಲಿ ದೊರೆತ 3,184 ಮೊಕ್ಕನ್‌ಗಳನ್ನು 2017ರಲ್ಲಿ ಜಪಾನ್ ರಾಷ್ಟ್ರೀಯ ನಿಧಿ ಎಂದು ಘೋಷಿಸಿತು.

ಈ ಚೀಟಿಗಳು ಪುಸ್ತಕವನ್ನು ಹೇಗೆ ಪರೀಕ್ಷಿಸುತ್ತವೆ ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ರಾಜಧಾನಿ ಹೇಜೋಕ್ಯೋಗೆ ಬಂದದ್ದು 710ರ ಮೂರನೆಯ ತಿಂಗಳ ಹತ್ತನೆಯ ದಿನ ಎಂದು ಷೋಕು ನಿಹೊಂಗಿ ಹೇಳುತ್ತದೆ. ಆ ಮಾತನ್ನು ಓದಿದವರು, ಅಂದು ಅರಮನೆ ಸಿದ್ಧವಾಗಿತ್ತು ಎಂದುಕೊಳ್ಳುವುದು ಸಹಜ. ಆದರೆ ಪಟ್ಟಾಭಿಷೇಕದಂಥ ಮಹಾಸಮಾರಂಭಗಳು ನಡೆಯುವ ಮಹಾಸಭಾಂಗಣದ ಸುತ್ತಲಿನ ಪ್ರಾಕಾರದ ಅಡಿಯಲ್ಲಿ, ನೆಲವನ್ನು ಸಮಮಾಡಲು ತುಂಬಿದ ಮಣ್ಣಿನ ಕೆಳಗೆ, ಇಸೆ ಪ್ರಾಂತದಿಂದ ಬಂದ ಸರಕಿಗೆ ಕಟ್ಟಿದ್ದ ಒಂದು ಚೀಟಿ ಸಿಕ್ಕಿತು. ಅದರ ತಾರೀಖು ಅದೇ 710ರ ಮೊದಲ ತಿಂಗಳು. ಸರಕು ಇಸೆಯಿಂದ ಬಂದು, ಖರ್ಚಾಗಿ, ಚೀಟಿ ಕಸವಾಗಿ, ಆಮೇಲೆ ಅದರ ಮೇಲೆ ಮಣ್ಣು ಬಿದ್ದು, ಆ ಮಣ್ಣಿನ ಮೇಲೆ ಪ್ರಾಕಾರ ಎದ್ದಿರಬೇಕು. ಅಂದರೆ ರಾಜಧಾನಿ ಬದಲಾದ ದಿನ ಅರಮನೆಯ ಹೃದಯಭಾಗದಲ್ಲಿ ಇನ್ನೂ ಕಟ್ಟಡದ ಕೆಲಸ ನಡೆಯುತ್ತಿತ್ತು. ಪುಸ್ತಕದ ದಿನಾಂಕ ಸುಳ್ಳಾಗಲಿಲ್ಲ. ಆ ದಿನಾಂಕದ ಅರ್ಥವನ್ನು ನಾವು ಹಿಗ್ಗಿಸಿಕೊಂಡಿದ್ದೆವು ಎಂಬುದು ಮಾತ್ರ ತಿಳಿಯಿತು.

[ದೃಶ್ಯ: ಅರಮನೆಯ ಆಗ್ನೇಯಕ್ಕೆ ಇರುವ ವಿಶಾಲ ನಿವೇಶನದ ನಕ್ಷೆ.]

ನಿರೂಪಣೆ: ಈಗ ರಾಜಕುಮಾರ ನಗಾಯಾನ ಪ್ರಕರಣಕ್ಕೆ ಬರುತ್ತೇನೆ. 729ರಲ್ಲಿ, ಆಸ್ಥಾನದ ಅತ್ಯುನ್ನತ ಸ್ಥಾನದಲ್ಲಿದ್ದ ನಗಾಯಾ ರಾಜದ್ರೋಹದ ಸಂಚು ಹೂಡಿದ್ದಾನೆಂಬ ದೂರು ಬಂತು. ಸೈನಿಕರು ಮನೆಯನ್ನು ಮುತ್ತಿದರು. ಅವನು ಆತ್ಮಹತ್ಯೆ ಮಾಡಿಕೊಳ್ಳಬೇಕಾಯಿತು, ಹೆಂಡತಿ ಮತ್ತು ಮಕ್ಕಳೂ ಸತ್ತರು. ಷೋಕು ನಿಹೊಂಗಿಯ ಆ ವರ್ಷದ ದಾಖಲೆಯನ್ನು ಮಾತ್ರ ಓದಿದರೆ ಅವನು ಅಪರಾಧಿ. ಆದರೆ ಅದೇ ಪುಸ್ತಕದ 738ರ ಭಾಗದಲ್ಲಿ, ದೂರು ಕೊಟ್ಟವರಲ್ಲಿ ಒಬ್ಬನಾದ ಅಜುಮಾಹಿತೊ ಎಂಬವನು, ಹಿಂದೆ ನಗಾಯಾನ ಸೇವೆಯಲ್ಲಿದ್ದ ಕೊಮುಶಿಯ ಜೊತೆ 'ಗೋ' ಆಟ ಆಡುತ್ತಿದ್ದಾಗ ನಗಾಯಾನ ಮಾತು ಬಂತೆಂದೂ, ಕೆರಳಿದ ಕೊಮುಶಿ ಅವನನ್ನು ಕತ್ತಿಯಿಂದ ಕಡಿದುಹಾಕಿದನೆಂದೂ ಇದೆ. ಅಲ್ಲಿ ಅಜುಮಾಹಿತೊನನ್ನು ಪರಿಚಯಿಸುವಾಗ, ನಗಾಯಾನ ಮೇಲೆ ಸುಳ್ಳು ದೂರು ಕೊಟ್ಟವನು ಎಂದೇ ಬರೆಯಲಾಗಿದೆ. ಅಧಿಕೃತ ಗ್ರಂಥವೇ ತನ್ನ ಹಿಂದಿನ ಪುಟದ ಆರೋಪವನ್ನು ಒಂದು ಸಣ್ಣ ಮಾತಿನಲ್ಲಿ ಕೆಡವಿಬಿಡುತ್ತದೆ. ಇಡೀ ಗ್ರಂಥವನ್ನು ಓದದೆ ಬೇಕಾದ ವಾಕ್ಯವನ್ನಷ್ಟೇ ಎತ್ತಿಕೊಳ್ಳುವವರಿಗೆ ಇದು ಕಾಣಿಸುವುದೇ ಇಲ್ಲ.

ನಗಾಯಾನ ಮನೆ ಎಲ್ಲಿತ್ತೆಂಬುದು ಖಚಿತವಾದದ್ದು 1988ರಲ್ಲಿ. ಡಿಪಾರ್ಟ್‌ಮೆಂಟ್ ಸ್ಟೋರ್ ಕಟ್ಟುವುದಕ್ಕಾಗಿ ನಡೆದ ಅಗೆತದಲ್ಲಿ, ಸುಮಾರು 60,000 ಚದರ ಮೀಟರ್ ವಿಸ್ತಾರದ ನಿವೇಶನದ ಒಂದು ಕಾಲುವೆಯಿಂದ ಸುಮಾರು 35,000 ಮೊಕ್ಕನ್‌ಗಳು ದೊರೆತವು. ಹಾಲು ತಂದವನಿಗೆ ಕೊಟ್ಟ ಅನ್ನ, ಬೇಸಿಗೆಗೆ ಕಾಪಿಟ್ಟ ಮಂಜುಗಡ್ಡೆ, ಸಾಕಿದ ಕೊಕ್ಕರೆಗಳಿಗೆ ಅಳೆದ ಅಕ್ಕಿ, ಎಲ್ಲವೂ ಅವುಗಳಲ್ಲಿ ಇವೆ. ಹತ್ತು ಸರ ಒಣಗಿಸಿದ ಅಬಲೋನ್ ಚಿಪ್ಪುಮಾಂಸಕ್ಕೆ ಕಟ್ಟಿದ್ದ ಒಂದು ಚೀಟಿಯಲ್ಲಿ ಅವನನ್ನು ಚಕ್ರವರ್ತಿಯ ಮಗನಿಗೆ ಸಲ್ಲುವ ಬಿರುದಿನಿಂದ ಕರೆಯಲಾಗಿದೆ. ಅವನು ಚಕ್ರವರ್ತಿಯ ಮೊಮ್ಮಗ. ಪುಸ್ತಕ ಕೊಡುವುದು ಅದಕ್ಕಿಂತ ಕೆಳಗಿನ ಬಿರುದು. ಇದನ್ನು ಹೇಗೆ ಅರ್ಥೈಸಬೇಕೆಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ಅವನ ಜೀವಿತ ಕಾಲದಲ್ಲಿ, ಅವನಿಗೆ ಸರಕು ಕಳುಹಿಸಿದವರ ಕಣ್ಣಿನಲ್ಲಿ ಅವನ ಸ್ಥಾನ ಪುಸ್ತಕ ಹೇಳುವುದಕ್ಕಿಂತ ಎತ್ತರದಲ್ಲಿತ್ತು ಎಂಬುದನ್ನು ಆ ಮರದ ತುಂಡು ತೋರಿಸುತ್ತದೆ. ಅವನ ಶತ್ರುಗಳು ಅಷ್ಟೊಂದು ಆತುರಪಟ್ಟದ್ದಕ್ಕೆ ಇದೂ ಒಂದು ಕಾರಣ ಇರಬಹುದೆಂದು ನನಗೆ ತೋರುತ್ತದೆ.

[ದೃಶ್ಯ: ತೋದೈಜಿಯ ಮಹಾಬುದ್ಧ. ನಂತರ ಎರಡು ಕತ್ತಿಗಳ ಎಕ್ಸ್‌ರೇ ಚಿತ್ರ.]

ನಿರೂಪಣೆ: ಕೆಲವೊಮ್ಮೆ ಪರಿಶೀಲನೆಯಿಂದ ಪುಸ್ತಕವೇ ಗೆಲ್ಲುತ್ತದೆ. 756ರಲ್ಲಿ ಚಕ್ರವರ್ತಿ ಶೋಮು ತೀರಿಕೊಂಡಾಗ, ರಾಣಿ ಕೋಮ್ಯೋ ಅವನ ಪ್ರಿಯ ವಸ್ತುಗಳನ್ನು ನಾರಾದ ತೋದೈಜಿ ದೇವಾಲಯದ ಮಹಾಬುದ್ಧ ವಿಗ್ರಹಕ್ಕೆ ಅರ್ಪಿಸಿ, 600ಕ್ಕೂ ಹೆಚ್ಚು ವಸ್ತುಗಳ ಪಟ್ಟಿಯನ್ನು ಮಾಡಿಸಿದಳು. ಆ ವಸ್ತುಗಳ ಭಂಡಾರವೇ ಶೋಸೋಇನ್. ಪಟ್ಟಿಯಲ್ಲಿ ಕತ್ತಿಗಳ ಸಾಲಿನ ಮೊದಲಿಗೇ 'ಯಾಂಗ್' ಮತ್ತು 'ಯಿನ್' ಎಂಬ ಹೆಸರಿನ ಒಂದು ಜೋಡಿ ಕತ್ತಿಗಳಿದ್ದು, ಅವುಗಳನ್ನು ಹೊರತೆಗೆಯಲಾಗಿದೆ ಎಂಬ ಚೀಟಿಯನ್ನು ಅಲ್ಲಿ ಅಂಟಿಸಲಾಗಿದೆ. 759ರಲ್ಲಿ ಹೊರಹೋದ ಆ ಕತ್ತಿಗಳ ಸುಳಿವು ಆಮೇಲೆ ಸಿಗಲಿಲ್ಲ. 1907ರ ಸುಮಾರಿಗೆ ಬುದ್ಧಮಂದಿರದ ದುರಸ್ತಿಯ ವೇಳೆ ವಿಗ್ರಹದ ಮೊಣಕಾಲಿನ ಬಳಿ ನೆಲದಡಿಯಲ್ಲಿ ಹೂತಿಟ್ಟ ಕತ್ತಿಗಳು ಸಿಕ್ಕಿದವು. ತುಕ್ಕು ಹಿಡಿದಿದ್ದರಿಂದ ಅವು ಯಾವುವೆಂದು ಗುರುತಾಗಲಿಲ್ಲ. 2010ರಲ್ಲಿ ಎಕ್ಸ್‌ರೇ ಹಾಯಿಸಿದಾಗ, ಒಂದು ಕತ್ತಿಯ ಬುಡದಲ್ಲಿ 'ಯಾಂಗ್' ಎಂದೂ ಇನ್ನೊಂದರಲ್ಲಿ 'ಯಿನ್' ಎಂದೂ ಅಕ್ಷರಗಳು ಕಾಣಿಸಿದವು. ಹನ್ನೆರಡೂವರೆ ಶತಮಾನಗಳ ಹಿಂದಿನ ಗುಮಾಸ್ತನ ಲೆಕ್ಕ ಸರಿಯಾಗಿತ್ತು.

ಅದೇ ಮಹಾಬುದ್ಧನ ವಿಷಯದಲ್ಲಿ ಇನ್ನೊಂದು ಲೆಕ್ಕವನ್ನು ಮಾತ್ರ ಎಚ್ಚರದಿಂದ ಓದಬೇಕು. ವಿಗ್ರಹ ಮತ್ತು ಮಂದಿರದ ನಿರ್ಮಾಣದಲ್ಲಿ 26 ಲಕ್ಷ ಜನ ಪಾಲ್ಗೊಂಡರು, ಅಂದರೆ ಅಂದಿನ ಜಪಾನಿನ ಅರ್ಧದಷ್ಟು ಜನ, ಎಂಬ ಮಾತು ಪ್ರವಾಸಿ ಕೈಪಿಡಿಗಳಲ್ಲಿ ಬಹಳ ಓಡಾಡುತ್ತದೆ. ಇದರ ಮೂಲ 12ನೆಯ ಶತಮಾನದಲ್ಲಿ ಸಂಕಲಿತವಾದ, ಹಳೆಯ ದಾಖಲೆಗಳನ್ನು ಒಳಗೊಂಡ 'ತೋದೈಜಿ ಯೋರೊಕು'. ಅದರಲ್ಲಿ ಮರಗೆಲಸಕ್ಕೆ ಸಂಬಂಧಿಸಿದವರು 51,590, ಅವರ ಕೆಲಸದಾಳುಗಳು 16,65,071, ಲೋಹಕ್ಕೆ ಸಂಬಂಧಿಸಿದವರು 3,72,075, ಅವರ ಕೆಲಸದಾಳುಗಳು 5,14,902 ಎಂದಿದೆ, ಒಟ್ಟು 26,03,638. ಅಂದಿನ ಜಪಾನಿನ ಜನಸಂಖ್ಯೆ 50ರಿಂದ 60 ಲಕ್ಷ ಎಂಬುದು ಸಾಮಾನ್ಯ ಅಂದಾಜು. ಮಕ್ಕಳು, ಮುದುಕರು, ಗದ್ದೆ ಬಿಡಲಾಗದ ರೈತರು ಎಲ್ಲರನ್ನೂ ಲೆಕ್ಕಕ್ಕೆ ಹಿಡಿದರೆ, ದೇಶದ ಅರ್ಧ ಜನ ಒಂದು ಬಯಲಿಗೆ ಬಂದು ದುಡಿದರೆಂಬುದನ್ನು ನಂಬಲಾಗದು. ಆದ್ದರಿಂದ, ಒಬ್ಬನೇ ನೂರು ದಿನ ದುಡಿದರೆ ನೂರು ಎಂದು ಬರೆಯುವ ಆಳುದಿನಗಳ ಲೆಕ್ಕ ಇದು ಎಂದು ವಿದ್ವಾಂಸರು ಓದುತ್ತಾರೆ. ಸಂಖ್ಯೆಯನ್ನು ಯಾರೂ ಬದಲಾಯಿಸಿಲ್ಲ, ಅದನ್ನು ತಲೆಯೆಣಿಕೆ ಎಂದು ತಿಳಿದದ್ದು ಓದುಗರ ತಪ್ಪು. ರಾಜಧಾನಿಯ ಜನಸಂಖ್ಯೆಗೂ ಇಂಥದ್ದೇ ಗತಿಯಾಯಿತು: 1927ರಲ್ಲಿ ಸವಾದಾ ಗೊಇಚಿ ಎರಡು ಲಕ್ಷ ಎಂದು ಅಂದಾಜಿಸಿದರು, ಇಂದು ಒಂದು ಲಕ್ಷ ಅಥವಾ ಅದಕ್ಕಿಂತ ಕಡಿಮೆ ಎನ್ನುವವರೇ ಹೆಚ್ಚು.

ಇನ್ನು ನಾವು ಇಂದು ನೋಡುವ ವಿಗ್ರಹ 752ರದ್ದೇ ಎಂದು ಹೇಳುವುದೂ ಸರಿಯಲ್ಲ. 1180ರ ಮತ್ತು 1567ರ ಯುದ್ಧಗಳಲ್ಲಿ ಅದು ಬೆಂಕಿಗೆ ಸಿಕ್ಕಿತು. ಈಗಿನ ತಲೆ 17ನೆಯ ಶತಮಾನದ ಕೊನೆಯದು, ಮಂದಿರ 1709ರದ್ದು. ಪೀಠದ ಕೆಲವು ಭಾಗಗಳಂಥವು ಮಾತ್ರ ಮೊದಲಿನವು.

[ದೃಶ್ಯ: ನೀಲಿ ರೇಷ್ಮೆ ಹುರಿ ಮತ್ತು ದೊಡ್ಡ ಕುಂಚ.]

ನಿರೂಪಣೆ: ಕೊನೆಯದಾಗಿ, ಭಾರತೀಯರಾದ ನಮಗೆ ನೇರ ಸಂಬಂಧವಿರುವ ಸಂಗತಿ. 752ರ ನಾಲ್ಕನೆಯ ತಿಂಗಳಲ್ಲಿ ಮಹಾಬುದ್ಧನ ಕಣ್ಣು ತೆರೆಸುವ ವಿಧಿಯನ್ನು ನಡೆಸಿದವನು, 736ರಲ್ಲಿ ಚೀನಾದಿಂದ ಜಪಾನಿಗೆ ಬಂದ ಭಾರತೀಯ ಭಿಕ್ಷು ಬೋಧಿಸೇನ. ಆ ವಿಧಿಗೆ ಬಳಸಿದ ಕುಂಚವೂ, ನೆರೆದವರು ಹಿಡಿದುಕೊಂಡಿದ್ದ ನೀಲಿ ರೇಷ್ಮೆ ಹುರಿಯೂ ಶೋಸೋಇನ್‌ನಲ್ಲಿ ಇಂದಿಗೂ ಇವೆ. 1185ರಲ್ಲಿ ದುರಸ್ತಿಯಾದ ವಿಗ್ರಹಕ್ಕೆ ಮತ್ತೆ ಕಣ್ಣು ಬರೆಯುವಾಗ ಅದೇ ಕುಂಚವನ್ನು ಬಳಸಿದ್ದನ್ನು ಕುಂಚದ ಮೇಲೆಯೇ ಕೊರೆಯಲಾಗಿದೆ. ಬೋಧಿಸೇನ 760ರಲ್ಲಿ ತೀರಿಕೊಂಡ. ಹತ್ತು ವರ್ಷಗಳ ಬಳಿಕ ಶಿಷ್ಯ ಶೂಎಯಿ ಬರೆದ ಸ್ಮಾರಕಪಾಠ ಅವನನ್ನು ದಕ್ಷಿಣ ಭಾರತದ ಬ್ರಾಹ್ಮಣ ಕುಲದವನೆಂದು ಹೇಳುತ್ತದೆ. ಅವನ ಊರು ಮಧುರೈ ಎಂದು ಈಗ ಅನೇಕರು ಬರೆಯುತ್ತಾರೆ. ನಾಳೆ ಅದನ್ನು ಬನವಾಸಿ ಎಂದೋ ಬಾದಾಮಿ ಎಂದೋ ಹೇಳಲು ನಮ್ಮಲ್ಲಿಯೂ ಯಾರಿಗಾದರೂ ಆಸೆಯಾದೀತು. ಅವನನ್ನು ಹತ್ತಿರದಿಂದ ಬಲ್ಲ ಶಿಷ್ಯನ ಬರಹದ ಮೇಲೆ ನಿಂತು ಹೇಳುವುದಾದರೆ ದಕ್ಷಿಣ ಭಾರತ ಎಂಬಲ್ಲಿಗೆ ನಿಲ್ಲಬೇಕಾಗುತ್ತದೆ. ಆದ್ದರಿಂದಲೇ ಈಗ ತೆರೆಯ ಮೇಲೆ ಕಾಣುವ ಪಯಣದ ನಕ್ಷೆಯಲ್ಲಿ, ಚೀನಾದಿಂದ ನಾರಾಕ್ಕೆ ಬಂದ ಹಾದಿಯನ್ನು ಗೆರೆಯಿಂದ ತೋರಿಸಿ, ಹೊರಟ ಜಾಗದಲ್ಲಿ ಯಾವ ಊರಿನ ಹೆಸರನ್ನೂ ನಾವು ಬರೆದಿಲ್ಲ.