ಇಬ್ಬರ ನಡುವಿನ ಪಾಲು

ಕೇಳುಗರಿಗೆ ನಮಸ್ಕಾರ.

ಅಣ್ಣತಮ್ಮಂದಿರ ನಡುವೆ ಜಮೀನು ಪಾಲಾಗುವಾಗ ಹಿರಿಯನು ಎರಡು ಹಿಸ್ಸೆ ಮಾಡುವುದು, ಕಿರಿಯನು ಮೊದಲು ಆರಿಸಿಕೊಳ್ಳುವುದು ನಮ್ಮ ಹಲವು ಊರುಗಳಲ್ಲಿ ನಡೆದುಬಂದ ಪದ್ಧತಿ. ಯಾವ ಹಿಸ್ಸೆ ತನಗೆ ಉಳಿಯುವುದೆಂದು ತಿಳಿಯದ ಅಣ್ಣನಿಗೆ ಎರಡನ್ನೂ ಸಮತೂಕವಾಗಿ ಮಾಡದೆ ಗತ್ಯಂತರವಿಲ್ಲ. ತಾನೇ ಆರಿಸಿಕೊಂಡ ತಮ್ಮನಿಗೆ ದೂರಲು ಕಾರಣವಿಲ್ಲ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದವೂ ಆಳಸಮುದ್ರದ ಖನಿಜಗಳಿಗೆ ಇದೇ ಉಪಾಯವನ್ನು ಬಳಸಿದೆ: ಗಣಿಗಾರಿಕೆಗೆ ಅರ್ಜಿ ಹಾಕುವವರು ಸಮಾನ ಬೆಲೆಯ ಎರಡು ಭಾಗಗಳನ್ನು ತೋರಿಸಬೇಕು, ಅವುಗಳಲ್ಲಿ ಒಂದನ್ನು ಅಂತರರಾಷ್ಟ್ರೀಯ ಪ್ರಾಧಿಕಾರವು ಆಯ್ದು ಕಾಯ್ದಿರಿಸುತ್ತದೆ.

ಆದರೆ ಊರಲ್ಲೇ ಉಳಿದು ಉಳುಮೆ ಮಾಡಿದ ಅಣ್ಣನಿಗೆ ಯಾವ ಬಾವಿ ಯುಗಾದಿಗೇ ಬತ್ತುತ್ತದೆ, ಯಾವ ಬದುವಿನ ಕೆಳಗೆ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ ಎಂಬುದು ಗೊತ್ತು. ಪಟ್ಟಣದಿಂದ ಬಂದ ತಮ್ಮನಿಗೆ ಕಾಣುವುದು ಪಹಣಿಯಲ್ಲಿರುವ ಎಕರೆ, ಗುಂಟೆಗಳು ಮಾತ್ರ. ಸೊರಗಿದ ಹಿಸ್ಸೆಯನ್ನು ನೋಟಕ್ಕೆ ಚೆಂದವಾಗಿಡುವುದು ಅಂಥ ಅಣ್ಣನಿಗೆ ಕಷ್ಟವಲ್ಲ. ಆದ್ದರಿಂದ ಆರಿಸುವವನು ಕಡುಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಹೊಲ ಸುತ್ತಿ ಬಂದೇ ಮಾತು ಕೊಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಒಡೆಯಲಾಗದ ವಸ್ತುಗಳ ಮಾತು ಬೇರೆ. ಹಂಚಲು ಅನುಕೂಲವಿಲ್ಲದ ಆಸ್ತಿಯನ್ನು ಮಾರಿಸಿ ಹಣ ಹಂಚಲು 1893ರ ವಿಭಾಗ ಕಾಯಿದೆಯಲ್ಲಿ ಅವಕಾಶವಿದೆ. ಆದರೆ ಅಮ್ಮನ ಹೊಲಿಗೆ ಯಂತ್ರಕ್ಕೆ ಸಂತೆಯಲ್ಲಿ ಸಿಗುವ ಬೆಲೆಯೇ ಬೇರೆ, ಅದರ ಪಕ್ಕದಲ್ಲಿ ಕುಳಿತು ಬೆಳೆದ ಮಗಳ ಮನಸ್ಸಿನಲ್ಲಿರುವ ಬೆಲೆಯೇ ಬೇರೆ. ಈ ವ್ಯತ್ಯಾಸವನ್ನೇ ಆಧಾರವಾಗಿಟ್ಟುಕೊಂಡು ಅಮೆರಿಕದ ರಾಜ್ಯಶಾಸ್ತ್ರಜ್ಞ ಸ್ಟೀವನ್ ಬ್ರಾಮ್ಸ್ ಮತ್ತು ಗಣಿತಜ್ಞ ಅಲನ್ ಟೇಲರ್ 1990ರ ದಶಕದಲ್ಲಿ ಅಂಕಗಳ ವಿಧಾನವೊಂದನ್ನು ರೂಪಿಸಿದರು.

ಅಕ್ಕತಂಗಿಯರಿಬ್ಬರು ಅಮ್ಮನ ಹತ್ತು ಚಿನ್ನದ ಬಳೆ, ಒಂದು ಜೊತೆ ಬೆಳ್ಳಿದೀಪ, ಹೊಲಿಗೆ ಯಂತ್ರ ಇವನ್ನು ಹಂಚಿಕೊಳ್ಳಬೇಕೆನ್ನಿ. ಇಬ್ಬರಿಗೂ 100 ಅಂಕಗಳಿವೆ. ಅಕ್ಕ ಬಳೆಗಳಿಗೆ 60, ದೀಪಗಳಿಗೆ 30, ಯಂತ್ರಕ್ಕೆ 10 ಕೊಡುತ್ತಾಳೆ. ತಂಗಿ ಕ್ರಮವಾಗಿ 40, 10, 50 ಕೊಡುತ್ತಾಳೆ. ಹೆಚ್ಚು ಅಂಕ ಕೊಟ್ಟವರಿಗೆ ಆ ವಸ್ತು ಹೋದರೆ ಅಕ್ಕನಿಗೆ 90, ತಂಗಿಗೆ 50 ಸೇರುತ್ತದೆ. ಈ ಅಂತರವನ್ನು ತುಂಬಲು, ಇಬ್ಬರ ಅಂಕಗಳ ಅನುಪಾತ ಹತ್ತಿರವಿರುವ (ತಂಗಿಗಿಂತ ಅಕ್ಕ ದೀಪಗಳಿಗೆ ಮೂರು ಪಟ್ಟು, ಬಳೆಗಳಿಗೆ ಒಂದೂವರೆ ಪಟ್ಟು ಮಾತ್ರ ಕೊಟ್ಟಿದ್ದಾಳೆ) ಬಳೆಗಳಲ್ಲಿ ನಾಲ್ಕನ್ನು ಅಕ್ಕ ತಂಗಿಗೆ ಬಿಟ್ಟುಕೊಡಬೇಕು. ಆಗ ಇಬ್ಬರ ಕೈಗೂ 66 ಅಂಕಗಳು ಬರುತ್ತವೆ. ಕಣ್ಣುಮುಚ್ಚಿ ಅರ್ಧರ್ಧ ಮಾಡಿದ್ದರೆ 50ಕ್ಕೇ ನಿಲ್ಲುತ್ತಿದ್ದವರು ಇಬ್ಬರೂ ಅದಕ್ಕಿಂತ ಹೆಚ್ಚು ಪಡೆಯುತ್ತಾರೆ ಎಂಬುದೇ ನನಗೆ ಈ ವಿಧಾನದಲ್ಲಿ ಅತ್ಯಂತ ಮೆಚ್ಚುಗೆಯಾದ ಸಂಗತಿ.

ಒಬ್ಬರ ಮನಸ್ಸನ್ನು ಮೊದಲೇ ಅರಿತ ಇನ್ನೊಬ್ಬರು ಅಂಕಗಳನ್ನು ತಿರುಚಿದರೆ ಲೆಕ್ಕ ಕೆಡುತ್ತದೆ. ಅದಕ್ಕಾಗಿ ಇಬ್ಬರೂ ಬೇರೆಬೇರೆ ಕುಳಿತು ಚೀಟಿ ಬರೆಯಬೇಕು, ಇಬ್ಬರಿಗೂ ಬೇಕಾದ ಹಿರಿಯರೊಬ್ಬರ ಮುಂದೆ ಎರಡನ್ನೂ ಒಟ್ಟಿಗೇ ಬಿಚ್ಚಬೇಕು.