ವಿಟಮಿನ್ ಎ: ಕಣ್ಣಿನಾಚೆಗಿನ ಕೆಲಸ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಟಮಿನ್ ಎ ಅಂದ ಕೂಡಲೇ ನೆನಪಾಗುವುದು ಕಣ್ಣು, ಅಲ್ವಾ? ಇದು ಕಡಿಮೆಯಾದರೆ ಇರುಳುಗುರುಡು ಬರುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಅದು ಸರಿಯೇ. ಆದರೆ ಇದೇ ವಿಟಮಿನ್ನಿನ ಇನ್ನೊಂದು ರೂಪ ನಮ್ಮ ಮೈಯಲ್ಲಿ ಥೇಟ್ ಹಾರ್ಮೋನಿನ ಹಾಗೆ ಕೆಲಸ ಮಾಡುತ್ತದೆ. ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಅದರ ಬಗ್ಗೆ.

ಮೈಯೊಳಗೆ ವಿಟಮಿನ್ ಎಗೆ ಮುಖ್ಯವಾಗಿ ಮೂರು ರೂಪ. ರಕ್ತದಲ್ಲಿ ಓಡಾಡುವುದು ರೆಟಿನಾಲ್. ಕಣ್ಣಿನೊಳಗೆ ಬೆಳಕನ್ನು ಹಿಡಿಯುವುದು ರೆಟಿನಾಲ್ಡಿಹೈಡ್. ಮೂರನೆಯದು ರೆಟಿನೋಯಿಕ್ ಆಮ್ಲ. ಮೊದಲ ಎರಡು ಒಂದರಿಂದ ಒಂದಾಗಿ ಬದಲಾಗುತ್ತಾ ಇರುತ್ತವೆ. ಆದರೆ ಒಮ್ಮೆ ಆಮ್ಲವಾದರೆ ಮುಗೀತು, ವಾಪಸ್ ಬರುವ ದಾರಿ ಇಲ್ಲ.

ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗ ಇದೆ. 1960ರಲ್ಲಿ ಜಾನ್ ಡೌಲಿಂಗ್ ಮತ್ತು ಜಾರ್ಜ್ ವಾಲ್ಡ್ ಮಾಡಿದ್ದು. ಇಲಿಗಳಿಗೆ ವಿಟಮಿನ್ ಎ ಪೂರ್ತಿ ನಿಲ್ಲಿಸಿದರು, ಬದಲಿಗೆ ಬರೀ ರೆಟಿನೋಯಿಕ್ ಆಮ್ಲ ಕೊಟ್ಟರು. ಇಲಿಗಳು ಚೆನ್ನಾಗಿಯೇ ಬೆಳೆದವು, ತೂಕವೂ ಏರಿತು, ಹೊರಗಿನಿಂದ ನೋಡಿದರೆ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಆದರೆ ಅವುಗಳಿಗೆ ಮೊದಲು ಇರುಳುಗುರುಡು ಬಂತು, ಆಮೇಲೆ ಪೂರ್ತಿ ಕಣ್ಣು ಹೋಯಿತು. ಅಂದರೆ ಮೈ ಬೆಳೆಸುವ ಕೆಲಸ ಬೇರೆ, ಕಣ್ಣಿನ ಕೆಲಸ ಬೇರೆ. ಬೆಳವಣಿಗೆಗೆ ಆ ಆಮ್ಲ ಒಂದೇ ಸಾಕು. ಅದು ಈ ಕೆಲಸವನ್ನು ಹೇಗೆ ಮಾಡುತ್ತದೆ ಅನ್ನುವುದು ಮಾತ್ರ ಆಗ ಗೊತ್ತಾಗಲಿಲ್ಲ.

ಉತ್ತರ ಸಿಕ್ಕಿದ್ದು 1987ರ ಡಿಸೆಂಬರ್‌ನಲ್ಲಿ, ಒಂದೇ ಸಲ ಎರಡು ಕಡೆಯಿಂದ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಪಿಯೆರ್ ಶಾಂಬೋ ಅವರ ತಂಡ, ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ರೊನಾಲ್ಡ್ ಎವಾನ್ಸ್ ಅವರ ತಂಡ. ಎರಡೂ ಕಡೆಯವರು ಹಾರ್ಮೋನುಗಳ ರಿಸೆಪ್ಟರ್‌ಗಳ ಬೆನ್ನು ಹತ್ತಿದ್ದವರು. ಹಾರ್ಮೋನ್ ಬಂದು ಕೂರುವ ಪ್ರೋಟೀನಿಗೆ ರಿಸೆಪ್ಟರ್ ಅನ್ನುತ್ತಾರೆ. ಸ್ಟೆರಾಯ್ಡ್, ಥೈರಾಯ್ಡ್ ಹಾರ್ಮೋನುಗಳ ರಿಸೆಪ್ಟರ್‌ಗಳು ಜೀವಕೋಶದ ಒಳಗೇ ಇದ್ದು, ನೇರವಾಗಿ ಡಿಎನ್‌ಎ ಮೇಲೆ ಕೂತು, ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ನೆ ಇರಬೇಕು ಅಂತ ತೀರ್ಮಾನಿಸುತ್ತವೆ. ಅದೇ ಕುಟುಂಬಕ್ಕೆ ಸೇರಿದ ಹೊಸ ರಿಸೆಪ್ಟರ್ ಒಂದು ಇವರಿಗೆ ಸಿಕ್ಕಿತು. ಅದಕ್ಕೆ ಬಂದು ಅಂಟುವುದು ಯಾವುದು ಅಂತ ನೋಡಿದರೆ ರೆಟಿನೋಯಿಕ್ ಆಮ್ಲ! ಊಟದಿಂದ ಬರುವ ವಿಟಮಿನ್ ಒಂದು ಹೀಗೆ ಹಾರ್ಮೋನುಗಳ ಸಾಲಿಗೆ ಬಂದು ಕೂತಿತು.

ಒಂದು ವ್ಯತ್ಯಾಸ ಇದೆ. ಇನ್ಸುಲಿನ್‌ಗೆ ಮೇದೋಜೀರಕ ಇದೆ, ಥೈರಾಕ್ಸಿನ್‌ಗೆ ಥೈರಾಯ್ಡ್ ಗ್ರಂಥಿ ಇದೆ. ರೆಟಿನೋಯಿಕ್ ಆಮ್ಲಕ್ಕೆ ಅಂತ ಗ್ರಂಥಿ ಇಲ್ಲ. ದಾಸ್ತಾನು ಇರುವುದು ಲಿವರ್‌ನಲ್ಲಿ, ಅಲ್ಲಿಂದ ರೆಟಿನಾಲ್ ಹೊರಟು ರಕ್ತದಲ್ಲಿ ಬರುತ್ತದೆ, ಬೇಕಾದ ಜೀವಕೋಶ ಅದನ್ನು ಒಳಗೆ ಎಳೆದುಕೊಂಡು ತನಗೆ ಬೇಕಾದಷ್ಟು ಆಮ್ಲವನ್ನು ತಾನೇ ಮಾಡಿಕೊಳ್ಳುತ್ತದೆ. ಪಕ್ಕದ ಕೋಶಕ್ಕೆ ಅದು ಬೇಡವಾದರೆ ಅಲ್ಲಿ ಅದನ್ನು ಒಡೆದುಹಾಕುವ ಕಿಣ್ವ ತಯಾರಾಗಿರುತ್ತದೆ. ಬೆಳೆಯುತ್ತಿರುವ ಭ್ರೂಣದಲ್ಲಿ ಇದು ಬಹಳ ಮುಖ್ಯ. ಇಲ್ಲಿ ಜಾಸ್ತಿ, ಅಲ್ಲಿ ಕಡಿಮೆ ಅನ್ನುವ ಆ ಲೆಕ್ಕದ ಮೇಲೆಯೇ ಮಿದುಳು, ಹೃದಯ, ಕಣ್ಣು ಸರಿಯಾಗಿ ರೂಪುಗೊಳ್ಳುವುದು ನಿಂತಿದೆ. 1930ರ ದಶಕದಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಫ್ರೆಡ್ ಹೇಲ್ ಅನ್ನುವವರು ವಿಟಮಿನ್ ಎ ಇಲ್ಲದ ಮೇವು ಕೊಟ್ಟು ಒಂದು ಹಂದಿಯನ್ನು ಸಾಕಿದರು. ಅದಕ್ಕೆ ಹುಟ್ಟಿದ ಮರಿಗಳಲ್ಲಿ ಒಂದಕ್ಕೂ ಕಣ್ಣುಗುಡ್ಡೆ ಇರಲಿಲ್ಲ. ಗಂಡಸರಲ್ಲಿ ವೀರ್ಯಾಣು ತಯಾರಾಗುವುದಕ್ಕೂ ಇದೇ ಆಮ್ಲದ ಅಪ್ಪಣೆ ಬೇಕು.

ಇನ್ನು ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಸ್ವಾರಸ್ಯದ ಭಾಗಕ್ಕೆ ಬರುತ್ತೇನೆ. 1990ರಲ್ಲಿ ಎವಾನ್ಸ್ ತಂಡಕ್ಕೆ ಇನ್ನೊಂದು ರಿಸೆಪ್ಟರ್ ಸಿಕ್ಕಿತು, ಹೆಸರು ಆರ್‌ಎಕ್ಸ್‌ಆರ್. ಬ್ಯಾಂಕ್ ಲಾಕರ್ ನೋಡಿದ್ದೀರಲ್ಲ, ನಿಮ್ಮ ಬೀಗದ ಕೈ ಒಂದೇ ಇದ್ದರೆ ತೆಗೆಯಲಾಗುವುದಿಲ್ಲ, ಬ್ಯಾಂಕಿನ ಕೈಯೂ ಬೇಕು, ಮತ್ತು ಬ್ಯಾಂಕಿನದು ಎಲ್ಲ ಲಾಕರ್‌ಗೂ ಒಂದೇ. ಆರ್‌ಎಕ್ಸ್‌ಆರ್ ಹಾಗೆ. ರೆಟಿನೋಯಿಕ್ ಆಮ್ಲದ ರಿಸೆಪ್ಟರ್‌ಗೂ ಇದು ಜೊತೆಗಾರ, ಥೈರಾಯ್ಡ್ ಹಾರ್ಮೋನಿನ ರಿಸೆಪ್ಟರ್‌ಗೂ ಇದೇ, ವಿಟಮಿನ್ ಡಿಯ ರಿಸೆಪ್ಟರ್‌ಗೂ ಇದೇ, ಕೊಬ್ಬಿನ ಲೆಕ್ಕ ನೋಡಿಕೊಳ್ಳುವ ಕೆಲವಕ್ಕೂ ಇದೇ. ಆದ್ದರಿಂದ ಆರ್‌ಎಕ್ಸ್‌ಆರ್ ಮೇಲೆ ಕೈ ಇಟ್ಟರೆ ಬೇರೆ ಹಾರ್ಮೋನುಗಳ ಕೆಲಸವೂ ಅಲ್ಲಾಡುತ್ತದೆ.

ಇದು ಬರೀ ಊಹೆಯಲ್ಲ, ರೋಗಿಗಳಲ್ಲಿ ಕಂಡದ್ದು. ಚರ್ಮದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಲಿಂಫೋಮಾಕ್ಕೆ, ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರಿಗೆ, ಬೆಕ್ಸಾರೊಟೀನ್ ಅನ್ನುವ ಔಷಧಿ ಇದೆ. ಆರ್‌ಎಕ್ಸ್‌ಆರ್ ಅನ್ನು ಎಬ್ಬಿಸುವುದೇ ಅದರ ಕೆಲಸ. ತೆಗೆದುಕೊಂಡವರಲ್ಲಿ ಹಲವರಿಗೆ ಸುಸ್ತು, ಚಳಿ ಶುರುವಾಯಿತು. ರಕ್ತ ಪರೀಕ್ಷೆ ಮಾಡಿದರೆ ಥೈರಾಕ್ಸಿನ್ ಕಡಿಮೆ. ಸಾಮಾನ್ಯವಾಗಿ ಥೈರಾಕ್ಸಿನ್ ಕಡಿಮೆಯಾದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಅನ್ನುವ ಹಾರ್ಮೋನನ್ನು ಜಾಸ್ತಿ ಮಾಡಿ ಥೈರಾಯ್ಡನ್ನು ಎಚ್ಚರಿಸುತ್ತದೆ. ಇವರಲ್ಲಿ ಟಿಎಸ್‌ಎಚ್ ಕೂಡ ಕಡಿಮೆಯೇ! ಔಷಧಿ ಪಿಟ್ಯುಟರಿಯಲ್ಲಿ ಟಿಎಸ್‌ಎಚ್ ಮಾಡುವ ಜೀನನ್ನೇ ಅಡಗಿಸಿತ್ತು. 1999ರಲ್ಲಿ ಇದು ವರದಿಯಾದ ಮೇಲೆ, ಬೆಕ್ಸಾರೊಟೀನ್ ಜೊತೆ ಥೈರಾಕ್ಸಿನ್ ಮಾತ್ರೆ ಕೊಡುವುದು ರೂಢಿಯಾಯಿತು.

ಥೈರಾಯ್ಡ್ ಕಡೆಯಿಂದಲೂ ವಿಟಮಿನ್ ಎಗೆ ಒಂದು ನಂಟಿದೆ. ಕ್ಯಾರೆಟ್‌ನಲ್ಲಿರುವ ಕೆರೋಟಿನ್ ವಿಟಮಿನ್ ಎ ಆಗಿ ಬದಲಾಗಲು ಥೈರಾಯ್ಡ್ ಹಾರ್ಮೋನಿನ ನೆರವು ಬೇಕು. ಥೈರಾಯ್ಡ್ ಮಂದವಾಗಿರುವ ಕೆಲವರಲ್ಲಿ ಅಂಗೈ, ಅಂಗಾಲು ಹಳದಿಯಾಗುವುದಕ್ಕೆ ಒಂದು ಕಾರಣ ಇದೇ, ಬದಲಾಗದ ಕೆರೋಟಿನ್ ಅಲ್ಲಿ ಸೇರಿಕೊಳ್ಳುತ್ತದೆ. ಕಾಮಾಲೆ ಅಂತ ಗಾಬರಿಯಾಗುವವರು ಕಣ್ಣಿನ ಬಿಳಿ ಭಾಗ ನೋಡಬೇಕು. ಕಾಮಾಲೆಯಲ್ಲಿ ಅದೂ ಹಳದಿಯಾಗುತ್ತದೆ, ಇದರಲ್ಲಿ ಬೆಳ್ಳಗೇ ಇರುತ್ತದೆ. ಯಾವುದಕ್ಕೂ ಡಾಕ್ಟರಿಗೆ ತೋರಿಸುವುದು ಒಳ್ಳೆಯದು ಬಿಡಿ.

ಇಷ್ಟೆಲ್ಲ ಕೇಳಿದ ಮೇಲೆ ಗರ್ಭಿಣಿಯರಿಗೆ ಡಾಕ್ಟರುಗಳು ಯಾಕೆ ಅಷ್ಟು ಎಚ್ಚರಿಕೆ ಹೇಳುತ್ತಾರೆ ಅನ್ನುವುದು ಅರ್ಥವಾಗುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು 700ರಿಂದ 900 ಮೈಕ್ರೋಗ್ರಾಂ. ಮಾತ್ರೆ ಅಥವಾ ಲಿವರ್ ಮೂಲಕ ನೇರವಾಗಿ ಬರುವ ವಿಟಮಿನ್ ಎ 3000 ದಾಟಬಾರದು ಅನ್ನುತ್ತಾರೆ. ಕೆರೋಟಿನ್‌ಗೆ ಈ ಭಯ ಇಲ್ಲ, ಯಾಕೆಂದರೆ ಅದನ್ನು ಎಷ್ಟು ಬದಲಾಯಿಸಬೇಕು ಅಂತ ಮೈಯೇ ಹತೋಟಿ ಇಟ್ಟುಕೊಂಡಿದೆ. ಮೊಡವೆಗೆ ಕೊಡುವ ಐಸೊಟ್ರೆಟಿನೋಯಿನ್ ಮಾತ್ರೆ ರೆಟಿನೋಯಿಕ್ ಆಮ್ಲದ್ದೇ ಇನ್ನೊಂದು ರೂಪ. ಬಸಿರಿನಲ್ಲಿ ತೆಗೆದುಕೊಂಡರೆ ಮಗುವಿನ ಹೃದಯ, ಕಿವಿ, ಮಿದುಳಿಗೆ ತೊಂದರೆಯಾಗಬಹುದು. ಅದಕ್ಕೇ ಶುರು ಮಾಡುವ ಮೊದಲು ಗರ್ಭ ಪರೀಕ್ಷೆ ಮಾಡಿಸುತ್ತಾರೆ, ನಿಲ್ಲಿಸಿದ ಮೇಲೂ ಒಂದು ತಿಂಗಳು ಬಸಿರಾಗಬಾರದು ಅನ್ನುತ್ತಾರೆ. ಸೋರಿಯಾಸಿಸ್ ಅನ್ನುವ ಚರ್ಮರೋಗಕ್ಕೆ ಕೊಡುವ ಅಸಿಟ್ರೆಟಿನ್ ಇದೇ ಕುಟುಂಬದ್ದು. ಅದನ್ನು ತೆಗೆದುಕೊಳ್ಳುವವರು ಮದ್ಯ ಕುಡಿದರೆ ಆ ಔಷಧಿ ಮೈಯೊಳಗೆ ಬೇರೊಂದು ರೂಪಕ್ಕೆ ತಿರುಗಿ ಕೊಬ್ಬಿನಲ್ಲಿ ಉಳಿದುಬಿಡುತ್ತದೆ. ಹಾಗಾಗಿ ಆ ಔಷಧಿ ನಿಲ್ಲಿಸಿದವರು ಕಾಯಬೇಕಾದದ್ದು ತಿಂಗಳಲ್ಲ, 3 ವರ್ಷ.

ನಮಸ್ಕಾರ.